ಏಳು ಡಾಲರಿನ ನೋಟು: ಫಿಜಿಯ ರಗ್ಬಿ ಸೆವೆನ್ಸ್ ತಂಡ ಬೆಳೆದ ಬಗೆ

ಐದರ ನೋಟು ಉಂಟು, ಹತ್ತರದು ಉಂಟು, ಇಪ್ಪತ್ತರದು ಉಂಟು. ಏಳರ ನೋಟನ್ನು ಕಂಡವರು ಯಾರಿದ್ದಾರೆ? 2017ರಲ್ಲಿ ಫಿಜಿ ದೇಶದ ರಿಸರ್ವ್ ಬ್ಯಾಂಕ್ ಅಂಥದ್ದೊಂದನ್ನು ಅಚ್ಚು ಹಾಕಿಸಿತು. ಅದರ ಮೇಲೆ ರಾಜನ ಚಿತ್ರವಿಲ್ಲ, ಸ್ವಾತಂತ್ರ್ಯ ತಂದುಕೊಟ್ಟ ನಾಯಕನ ಚಿತ್ರವೂ ಇಲ್ಲ. ಮೊಟ್ಟೆಯಾಕಾರದ ಚೆಂಡು ಹಿಡಿದ ಒಸಿಯಾ ಕೊಲಿನಿಸಾವು ಎಂಬ ಆಟಗಾರ ಇದ್ದಾರೆ. ಮಗುಚಿದರೆ ಅವರ ತಂಡ ಮತ್ತು ಕೋಚ್. ಬೆಲೆ ಏಳೇ ಏಕೆಂದರೆ ಆ ಆಟದಲ್ಲಿ ಒಂದು ಕಡೆಗೆ ಏಳು ಮಂದಿ.

2025ರ ಜೂನ್‌ನಲ್ಲಿ ಮುಂಬೈಯಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆಯಿತು. ಆರು ತಂಡಗಳಲ್ಲಿ ಬೆಂಗಳೂರಿನ ಹೆಸರು ಹೊತ್ತದ್ದೂ ಒಂದಿತ್ತು. ಐಪಿಎಲ್ ಮುಗಿದ ಮೇಲೆ ಟಿವಿ ಚಾನೆಲ್ ತಿರುಗಿಸುತ್ತಾ ಅಲ್ಲಿಗೆ ಬಂದು ನಿಂತವರಲ್ಲಿ ಹಲವರಿಗೆ ಒಂದೇ ಗೊಂದಲ: ಇವರು ಚೆಂಡನ್ನು ಹಿಂದಕ್ಕೆ ಎಸೆಯುತ್ತಾ ಮುಂದಕ್ಕೆ ಓಡುವುದೇಕೆ? ಸ್ವಲ್ಪ ಹೊತ್ತು ನೋಡಿದವರಿಗೆ ಎರಡನೆಯ ಪ್ರಶ್ನೆ: ಈ ಆಟದ ಮಾತು ಬಂದಾಗಲೆಲ್ಲ ಫಿಜಿ ಎಂಬ ಹೆಸರು ಬರುತ್ತದೆಯಲ್ಲ, ಏಕೆ? ಮೊದಲನೆಯದನ್ನು ಬಿಡಿಸಿದರೆ ಎರಡನೆಯದರ ಅರ್ಧ ಉತ್ತರ ಸಿಕ್ಕಂತೆ.

ಆಟ ಯಾವುದು?

ರಗ್ಬಿ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಕೊನೆಗೆರೆ ದಾಟಿಸಿ ನೆಲಕ್ಕೆ ಮುಟ್ಟಿಸುವ ಆಟ. ಹಾಗೆ ಮುಟ್ಟಿಸಿದರೆ ಅದು ‘ಟ್ರೈ’, ಐದು ಅಂಕ. ಟ್ರೈ ಎಂದರೆ ಪ್ರಯತ್ನ. ಐದು ಅಂಕ ಗಳಿಸಿದ ಮೇಲೂ ಪ್ರಯತ್ನ ಎಂದೇ ಏಕೆ ಕರೆಯುತ್ತಾರೆ? ಹಿಂದಿನ ಕಾಲದಲ್ಲಿ ಚೆಂಡು ಮುಟ್ಟಿಸಿದ್ದಕ್ಕೆ ಅಂಕವೇ ಇರಲಿಲ್ಲ. ಗೋಲಿನತ್ತ ಒದೆಯುವ ಒಂದು ‘ಪ್ರಯತ್ನ’ದ ಹಕ್ಕು ಮಾತ್ರ ಸಿಗುತ್ತಿತ್ತು. ಆ ಒದೆತ ಈಗಲೂ ಇದೆ. ಟ್ರೈ ಆದ ಮೇಲೆ ಇಂಗ್ಲಿಷಿನ ಎಚ್ ಅಕ್ಷರದ ಆಕಾರದ ಕಂಬಗಳ ನಡುವೆ ಒದ್ದರೆ ಇನ್ನೆರಡು ಅಂಕ.

ಚೆಂಡನ್ನು ಕೈಯಿಂದ ಮುಂದಕ್ಕೆ ಎಸೆಯುವಂತಿಲ್ಲ; ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಆಟದ ಜೀವಾಳವೇ ಈ ನಿಯಮ. ಮುಂದೆ ಹೋಗಬೇಕೆಂದರೆ ಓಡಬೇಕು, ಇಲ್ಲವೇ ಒದೆಯಬೇಕು. ಓಡುವವನನ್ನು ಎದುರಾಳಿ ತಬ್ಬಿ ಕೆಡವಬಹುದು; ಅದು ಟ್ಯಾಕಲ್. ಕೆಳಗೆ ಬಿದ್ದವನು ಚೆಂಡನ್ನು ಬಿಟ್ಟುಕೊಡಲೇಬೇಕು. ಕಬಡ್ಡಿ ನೋಡಿ ಬೆಳೆದ ನಮಗೆ ಹಿಡಿಯುವುದು, ಕೊಸರಿಕೊಳ್ಳುವುದು, ಗೆರೆ ಮುಟ್ಟಲು ಮೈ ಚಾಚುವುದು ಹೊಸತೇನಲ್ಲ. ಅಲ್ಲಿ ಉಸಿರು ಕಟ್ಟಿ ಹೋಗಿ ಬರಬೇಕು, ಇಲ್ಲಿ ಹೋದವನು ಬರಬೇಕಾಗಿಲ್ಲ. ಅಂದಹಾಗೆ ಕಬಡ್ಡಿಯಲ್ಲೂ ಅಂಕಣಕ್ಕಿಳಿಯುವವರು ಏಳೇ ಮಂದಿ.

ರಗ್ಬಿಯ ಹಳೆಯ, ‘ದೊಡ್ಡ’ ರೂಪದಲ್ಲಿ ಒಂದು ಕಡೆಗೆ 15 ಆಟಗಾರರು, 80 ನಿಮಿಷ. ಸೆವೆನ್ಸ್‌ನಲ್ಲಿ ಏಳು ಆಟಗಾರರು, ಏಳೇಳು ನಿಮಿಷಗಳ ಎರಡು ಅವಧಿ, ನಡುವೆ ಎರಡು ನಿಮಿಷ ವಿರಾಮ. ಟೆಸ್ಟ್ ಕ್ರಿಕೆಟ್ಟಿಗೆ ಟಿ20 ಇದ್ದ ಹಾಗೆ ಎನ್ನಬಹುದು, ಆದರೆ ಟಿ20ಯಲ್ಲಿ ಓವರ್ ಮಾತ್ರ ಕಡಿಮೆಯಾದವು, ಆಟಗಾರರು ಹನ್ನೊಂದೇ ಉಳಿದರು. ಸೆವೆನ್ಸ್‌ನಲ್ಲಿ ಆಟಗಾರರೂ ಅರ್ಧಕ್ಕಿಂತ ಕಡಿಮೆಯಾದರು. ಮೈದಾನ ಮಾತ್ರ ಇದ್ದಷ್ಟೇ ಇದೆ.

ಇದು ಯಾವುದೋ ಟಿವಿ ಕಂಪನಿಯ ಕಿತಾಪತಿ ಎಂದುಕೊಂಡರೆ ತಪ್ಪು. 1883ರಲ್ಲಿ ಸ್ಕಾಟ್ಲೆಂಡಿನ ಮೆಲ್‌ರೋಸ್ ಎಂಬ ಸಣ್ಣ ಊರಿನ ಕ್ಲಬ್ಬಿಗೆ ದುಡ್ಡಿನ ಮುಗ್ಗಟ್ಟು ಬಂದಿತ್ತು. ಹಣ ಕೂಡಿಸಲು ಒಂದೇ ದಿನದಲ್ಲಿ ಹಲವು ಪಂದ್ಯ ಆಡಿಸುವುದು ಹೇಗೆ? ಅಲ್ಲಿನ ಆಟಗಾರ, ಕಸುಬಿನಲ್ಲಿ ಮಾಂಸದಂಗಡಿಯ ನೆಡ್ ಹೇಗ್, ಆಟಗಾರರ ಸಂಖ್ಯೆಯನ್ನೂ ಸಮಯವನ್ನೂ ಕತ್ತರಿಸಿಬಿಟ್ಟರು. ಸೆವೆನ್ಸ್ ವಿಶ್ವಕಪ್ಪಿನ ಟ್ರೋಫಿಗೆ ಮೆಲ್‌ರೋಸ್ ಕಪ್ ಎಂದೇ ಹೆಸರು.

ತಲಾ ನಾಲ್ಕೂವರೆ ಸೈಟು

ಸಂಖ್ಯೆ ಕಡಿಮೆಯಾದರೆ ಏನಾಗುತ್ತದೆ ಎಂಬುದನ್ನು ಬೆಂಗಳೂರಿನ ಲೆಕ್ಕದಲ್ಲಿ ನೋಡೋಣ. ರಗ್ಬಿ ಮೈದಾನ ಸುಮಾರು 100 ಮೀಟರ್ ಉದ್ದ, 70 ಮೀಟರ್ ಅಗಲ. ಅಂದರೆ 7,000 ಚದರ ಮೀಟರ್. ಮೂವತ್ತು ಜನ ಅದರಲ್ಲಿ ನಿಂತರೆ ತಲೆಗೆ 233 ಚದರ ಮೀಟರ್, ಹೆಚ್ಚುಕಡಿಮೆ ಎರಡು ‘ಮೂವತ್ತು ನಲವತ್ತು’ ಸೈಟು. ಹದಿನಾಲ್ಕು ಜನರೇ ಇದ್ದರೆ ತಲೆಗೆ 500 ಚದರ ಮೀಟರ್, ನಾಲ್ಕೂವರೆ ಸೈಟು.

ನಾಲ್ಕೂವರೆ ಸೈಟನ್ನು ಒಬ್ಬನೇ ಕಾಯಬೇಕು ಎಂದುಕೊಳ್ಳಿ. ಎದುರಿನಿಂದ ಬರುವವನು ಎಡಕ್ಕೆ ವಾಲಿ ಬಲಕ್ಕೆ ಜಿಗಿದರೆ ಮುಗಿಯಿತು, ಹಿಂದೆ ಇನ್ನೊಬ್ಬನಿಲ್ಲ. ಹದಿನೈದರ ಆಟದಲ್ಲಿ ಒಬ್ಬ ತಪ್ಪಿದರೆ ಪಕ್ಕದವನು ಮುಚ್ಚುತ್ತಾನೆ. ಸೆವೆನ್ಸ್‌ನಲ್ಲಿ ಒಂದು ತಪ್ಪಿಗೆ ಒಂದು ಟ್ರೈ. ಹೀಗಾಗಿ ಇಲ್ಲಿ ಗೆಲ್ಲುವವರು ಖಾಲಿ ಜಾಗ ಎಲ್ಲಿದೆಯೆಂದು ಮೊದಲು ಕಂಡವರು. ತೂಕದಿಂದ ನೂಕುವವರಿಗೆ ಅಷ್ಟು ಬೆಲೆಯಿಲ್ಲ.

ಕೆಳಗೆ ಬಿದ್ದವನು ಚೆಂಡು ಬಿಡಬೇಕೆಂದು ಆಗಲೇ ಹೇಳಿದೆ. ಹದಿನೈದರ ಆಟದಲ್ಲಿ ಬಿದ್ದವನ ಸುತ್ತ ಎರಡೂ ಕಡೆಯವರು ಮುಗಿಬಿದ್ದು ಚೆಂಡಿಗಾಗಿ ನೂಕಾಡುತ್ತಾರೆ. ಏಳರ ಆಟದಲ್ಲಿ ಹಾಗೆ ಮೂವರು ಮುಗಿಬಿದ್ದರೆ ಉಳಿದ ನಾಲ್ವರು ಇಡೀ ಮೈದಾನ ಕಾಯಬೇಕು. ಅದಕ್ಕೇ ಜಾಣ ತಂಡಗಳು ಬೀಳುವ ಮುನ್ನವೇ ಚೆಂಡು ದಾಟಿಸುತ್ತವೆ. ಜಾರಿ ಬೀಳುತ್ತಿರುವ ಹೆಂಗಸು ತಾನು ಬಿದ್ದರೂ ಸರಿ, ಬಿಂದಿಗೆ ಒಡೆಯಬಾರದೆಂದು ಪಕ್ಕದವಳ ಕೈಗೆ ಕೊಟ್ಟುಬಿಟ್ಟ ಹಾಗೆ. ಇದಕ್ಕೆ ಆಫ್‌ಲೋಡ್ ಎನ್ನುತ್ತಾರೆ. ಫಿಜಿಯವರು ಲೋಕಕ್ಕೆಲ್ಲ ಹೆಸರಾಗಿರುವುದು ಇದರಲ್ಲಿ. ಇಬ್ಬರು ಹಿಡಿದುಕೊಂಡಿದ್ದಾರೆ, ಮೈ ಅಡ್ಡಡ್ಡ ಬೀಳುತ್ತಿದೆ, ಒಂದು ಕೈ ಮಾತ್ರ ಬಿಡುವಾಗಿದೆ. ಆ ಕೈ ಬೆನ್ನ ಹಿಂದಿನಿಂದ ಚೆಂಡನ್ನು ತೇಲಿಬಿಡುತ್ತದೆ. ಅಲ್ಲಿ ಇನ್ನೊಬ್ಬ ಬಂದಿರುತ್ತಾನೆ. ಬರುತ್ತಾನೆಂದು ಎಸೆದವನಿಗೆ ಹೇಗೆ ಗೊತ್ತಿತ್ತು ಎಂದು ಕೇಳಿದರೆ ಅವರ ಹಳ್ಳಿಗೇ ಹೋಗಬೇಕು.

ಹಳ್ಳಿಯ ನಡುವಿನ ಹಸಿರು

ಫಿಜಿ ಇರುವುದು ದಕ್ಷಿಣ ಪೆಸಿಫಿಕ್ ಸಾಗರದಲ್ಲಿ, ನ್ಯೂಜಿಲೆಂಡಿನ ಉತ್ತರಕ್ಕೆ. ಮುನ್ನೂರಕ್ಕೂ ಹೆಚ್ಚು ದ್ವೀಪಗಳಿವೆ. ಜನ ವಾಸಿಸುವುದು ಅವುಗಳಲ್ಲಿ ಮೂರನೆಯ ಒಂದು ಭಾಗದಲ್ಲಿ. ಒಟ್ಟು ಜನಸಂಖ್ಯೆ ಒಂಬತ್ತು ಲಕ್ಷದ ಆಸುಪಾಸು, ಸರಿಸುಮಾರು ಮೈಸೂರು ನಗರದಷ್ಟು. 1874ರಲ್ಲಿ ಬ್ರಿಟಿಷರ ವಸಾಹತಾಯಿತು, 1970ರಲ್ಲಿ ಸ್ವತಂತ್ರವಾಯಿತು.

1884ರ ಸುಮಾರಿಗೆ ವಿಟಿ ಲೆವು ಎಂಬ ದೊಡ್ಡ ದ್ವೀಪದ ಬಾ ಎಂಬಲ್ಲಿ ಯುರೋಪಿಯನ್ ಮತ್ತು ಸ್ಥಳೀಯ ಸಿಪಾಯಿಗಳು ರಗ್ಬಿ ಆಡಲು ಶುರುಮಾಡಿದರು. 1913ರಲ್ಲಿ ಒಕ್ಕೂಟ ಹುಟ್ಟಿತು. 1924ರಲ್ಲಿ ಮೊದಲ ಅಂತರರಾಷ್ಟ್ರೀಯ ಪಂದ್ಯ, ಸಮೋವಾದ ಅಪಿಯಾದಲ್ಲಿ. ಆ ಪಂದ್ಯ ಶುರುವಾದದ್ದು ಬೆಳಗ್ಗೆ ಏಳಕ್ಕೆ, ಏಕೆಂದರೆ ಸಮೋವಾದ ಆಟಗಾರರು ಆಡಿ ಮುಗಿಸಿ ಕೆಲಸಕ್ಕೆ ಹೋಗಬೇಕಿತ್ತು. ಮೈದಾನದ ನಡುವೆ ಒಂದು ಮರ ಬೇರೆ ಇತ್ತು. ಫಿಜಿ 6-0ಯಿಂದ ಗೆದ್ದಿತು. 1939ರಲ್ಲಿ ನ್ಯೂಜಿಲೆಂಡ್ ಪ್ರವಾಸಕ್ಕೆ ಹೋದ ತಂಡ ಒಂದೂ ಪಂದ್ಯ ಸೋಲದೆ ಮರಳಿತು. ಪಂದ್ಯಕ್ಕೆ ಮುನ್ನ ಆಡುವ ‘ದಿಂಬಿ’ ಎಂಬ ಯುದ್ಧನೃತ್ಯ ರೂಢಿಗೆ ಬಂದದ್ದೂ ಆಗಲೇ.

ಈ ದಿಂಬಿಯನ್ನು ರೋಮನ್ ಲಿಪಿಯಲ್ಲಿ ಬರೆದಾಗ ‘ಸಿಬಿ’ ಎಂದು ಓದುವಂತಿರುತ್ತದೆ. ಫಿಜಿ ಭಾಷೆಯಲ್ಲಿ ಸಿ ಅಕ್ಷರವನ್ನು ‘ದ’ಕ್ಕೆ ಹತ್ತಿರವಾಗಿ ಉಚ್ಚರಿಸುತ್ತಾರೆ, ಬಿ, ಡಿಗಳಿಗೆ ಮುಂಚೆ ಅನುನಾಸಿಕ ತಾನಾಗಿ ಸೇರುತ್ತದೆ. ‘ನಾಡಿ’ ಎಂದು ನಾವು ಓದುವ ವಿಮಾನ ನಿಲ್ದಾಣದ ಊರು ಅಲ್ಲಿಯವರ ಬಾಯಲ್ಲಿ ನಾಂದಿ. ದೇಶಕ್ಕೆ ಕಾಲಿಡುವ ಊರಿಗೆ ಇದಕ್ಕಿಂತ ಒಪ್ಪುವ ಹೆಸರು ಕನ್ನಡಿಗನಿಗೆ ಸಿಗಲಾರದು.

ಪ್ರತಿ ಹಳ್ಳಿಯ ನಡುವೆ ‘ರಾರಾ’ ಎಂಬ ಹುಲ್ಲಿನ ಬಯಲು ಇರುತ್ತದೆ. ಸಭೆ, ಮದುವೆ, ಸಾವು ಎಲ್ಲಕ್ಕೂ ಅದೇ ಅಂಗಳ. ಸಂಜೆಯಾದರೆ ರಗ್ಬಿಗೂ ಅದೇ. ಕಾಲಿಗೆ ಶೂ ಬೇಕಿಲ್ಲ, ಹಲವೊಮ್ಮೆ ಚೆಂಡೂ ಬೇಕಿಲ್ಲ. ಪ್ಲಾಸ್ಟಿಕ್ ಬಾಟಲಿ, ಸುತ್ತಿ ಕಟ್ಟಿದ ಬಟ್ಟೆ, ತೆಂಗಿನಕಾಯಿ ಯಾವುದಾದರೂ ಆದೀತು. ಅಣ್ಣ, ತಮ್ಮ, ಚಿಕ್ಕಪ್ಪನ ಮಗ ಎಲ್ಲರೂ ಎಳವೆಯಿಂದ ಒಟ್ಟಿಗೆ ಆಡಿದವರು. ಬೆನ್ನ ಹಿಂದೆ ಎಸೆದ ಚೆಂಡಿಗೆ ಯಾರು ಬರುತ್ತಾರೆ ಎಂಬುದು ಅವರಿಗೆ ಹೀಗೆ ಗೊತ್ತಾಗುತ್ತದೆ. ಇಂಥ ಹಳ್ಳಿ ತಂಡಗಳ ಸೆವೆನ್ಸ್ ಟೂರ್ನಿಗಳು ವರ್ಷವಿಡೀ ನಡೆಯುತ್ತವೆ. ಸೇನೆ, ಪೊಲೀಸ್, ಜೈಲು ಇಲಾಖೆಗಳಿಗೂ ತಂಡಗಳಿವೆ. ರಾಷ್ಟ್ರೀಯ ತಂಡದ ಕೋಚ್ ಅಲ್ಲಿಗೆ ಹೋಗಿ ಕುಳಿತರೆ ಸಾಕು.

ಫಿಜಿಯಲ್ಲಿ ಇನ್ನೊಂದು ಜನಸಮುದಾಯವಿದೆ, ನಮಗೆ ನೆಂಟರು. 1879ರಿಂದ 1916ರವರೆಗೆ ಬ್ರಿಟಿಷರು ಕಬ್ಬಿನ ತೋಟಗಳಿಗೆ 60,000ಕ್ಕೂ ಹೆಚ್ಚು ಭಾರತೀಯರನ್ನು ಕೂಲಿ ಕರಾರಿನ ಮೇಲೆ ಒಯ್ದರು. ಮೊದಲು ಕಲ್ಕತ್ತದಿಂದ, 1903ರಿಂದ ಮದ್ರಾಸಿನಿಂದಲೂ. ಅಗ್ರಿಮೆಂಟ್ ಎಂಬ ಪದ ಅವರ ಬಾಯಲ್ಲಿ ಸವೆದು ‘ಗಿರ್ಮಿಟ್’ ಆಯಿತು. ಹುಬ್ಬಳ್ಳಿ ಕಡೆಯ ಮಂಡಕ್ಕಿ ಗಿರ್ಮಿಟ್ಟಿಗೂ ಇದಕ್ಕೂ ಸಂಬಂಧ ಹುಡುಕಬೇಡಿ. ಇದು ಕಣ್ಣೀರಿನ ಗಿರ್ಮಿಟ್. ಆ ಸಂತತಿಯವರು ಇಂದು ಜನಸಂಖ್ಯೆಯಲ್ಲಿ ಮೂರನೆಯ ಒಂದು ಭಾಗದ ಆಸುಪಾಸು. ಅವರ ಆಟ ಹೆಚ್ಚಾಗಿ ಫುಟ್‌ಬಾಲ್. ರಗ್ಬಿ ಆಡುವವರು ಬಹುಪಾಲು ಇತೌಕೆಯಿ, ಅಂದರೆ ಮೂಲನಿವಾಸಿಗಳು. ಒಬ್ಬರು ಕಬ್ಬಿನ ಗದ್ದೆಯಲ್ಲಿ, ಇನ್ನೊಬ್ಬರು ಮುಖಂಡನ ಕೈಕೆಳಗಿನ ಹಳ್ಳಿಯಲ್ಲಿ ಎಂದು ವಸಾಹತು ಆಡಳಿತ ಇಬ್ಬರನ್ನೂ ಬೇರೆ ಬೇರೆ ಇಟ್ಟಿತ್ತು. 1987, 2000, 2006ರಲ್ಲಿ ಸರ್ಕಾರಗಳು ಬಲವಂತದಿಂದ ಉರುಳಿದಾಗ ಆ ಬಿರುಕೂ ಎದ್ದು ಕಂಡಿತು. ಆಟದ ಕಥೆಯಲ್ಲಿ ಇದು ಮುಂದೆ ಎರಡು ಬಾರಿ ತಲೆಹಾಕುತ್ತದೆ.

ಹಾಂಗ್‌ಕಾಂಗಿನ ರಾತ್ರಿಗಳು

1976ರಲ್ಲಿ ಹಾಂಗ್‌ಕಾಂಗಿನಲ್ಲಿ ಒಂದು ಸೆವೆನ್ಸ್ ಟೂರ್ನಿ ಆರಂಭವಾಯಿತು. ಮರುವರ್ಷವೇ ಫಿಜಿ ಅದನ್ನು ಗೆದ್ದಿತು, 1978ರಲ್ಲಿ ಮತ್ತೆ ಗೆದ್ದಿತು. ಹದಿನೈದರ ಆಟದಲ್ಲಿ ಫಿಜಿಯ ಹೆಸರನ್ನು ದೊಡ್ಡ ದೇಶಗಳು ಅಷ್ಟಾಗಿ ಹಚ್ಚಿಕೊಳ್ಳದಿದ್ದ ಕಾಲವದು. ಹಾಂಗ್‌ಕಾಂಗಿನಲ್ಲಿ ಮಾತ್ರ ಪ್ರೇಕ್ಷಕರು ಎದ್ದು ನಿಂತು ಇವರ ಹೆಸರು ಕೂಗುತ್ತಿದ್ದರು. ಫಿಜಿಯ ಗಡಿಯಾರ ಹಾಂಗ್‌ಕಾಂಗಿಗಿಂತ ನಾಲ್ಕು ಗಂಟೆ ಮುಂದೆ. ಅಲ್ಲಿ ಭಾನುವಾರ ಸಂಜೆಯ ಫೈನಲ್ ಎಂದರೆ ಇಲ್ಲಿ ನಡುರಾತ್ರಿಯ ಹತ್ತಿರ. ಊರಿಗೆ ಒಂದು ರೇಡಿಯೊ, ಆಮೇಲೆ ಒಂದು ಟಿವಿ, ಅದರ ಸುತ್ತ ಇಡೀ ಹಳ್ಳಿ. 1983ರ ವಿಶ್ವಕಪ್ ಫೈನಲ್ ರಾತ್ರಿ ನೆನಪಿರುವವರಿಗೆ ಆ ಗುಂಪು ಹೇಗಿರುತ್ತದೆಂದು ಬೇರೆ ಹೇಳಬೇಕಿಲ್ಲ.

1990, 1991, 1992ರಲ್ಲಿ ಸತತ ಮೂರು ಬಾರಿ ಹಾಂಗ್‌ಕಾಂಗ್ ಗೆದ್ದಾಗ ತಂಡದ ನಡುವೆ ಒಬ್ಬ ಗಿಡ್ಡ ಆಟಗಾರ ಇದ್ದರು: ವೈಸಾಲೆ ಸೆರೆವಿ. ಹೆಸರಿನಲ್ಲೇ ಸೆರೆ ಇದ್ದರೂ ಯಾರ ಸೆರೆಗೂ ಸಿಗದವರು. ಓಟದಲ್ಲಿ ಅವರಿಗಿಂತ ವೇಗದವರು ತಂಡದಲ್ಲೇ ಇದ್ದರು. ಅವರ ಗುಟ್ಟು ನಿಧಾನದಲ್ಲಿತ್ತು. ಚೆಂಡು ಹಿಡಿದು ಪೇಟೆಗೆ ಹೊರಟವರಂತೆ ಅಡ್ಡಾಡುವರು. ಕಾಯುವವನು ಒಂದು ಹೆಜ್ಜೆ ಮುಂದಿಟ್ಟನೋ, ಅವನು ಬಿಟ್ಟ ಜಾಗಕ್ಕೆ ಚೆಂಡು ಹೋಗಿರುತ್ತಿತ್ತು. ನಾಲ್ಕೂವರೆ ಸೈಟಿನ ಮಾಲೀಕನನ್ನು ಅವನ ಗೇಟಿನಿಂದಲೇ ಹೊರಗೆ ಕರೆಯುವ ಕಲೆ ಇದು.

1993ರಲ್ಲಿ ಎಡಿನ್‌ಬರೋದಲ್ಲಿ ಮೊದಲ ಸೆವೆನ್ಸ್ ವಿಶ್ವಕಪ್. ಎಲ್ಲರೂ ಫಿಜಿ ಎಂದರು. ಸೆಮಿಫೈನಲ್‌ನಲ್ಲಿ ಫಿಜಿಯನ್ನು ಮಣಿಸಿ ಇಂಗ್ಲೆಂಡ್ ಕಪ್ ಒಯ್ದಿತು. 1997ರಲ್ಲಿ ವಿಶ್ವಕಪ್ ಹಾಂಗ್‌ಕಾಂಗಿಗೆ ಬಂತು. ಫೈನಲ್‌ನಲ್ಲಿ ಫಿಜಿ 24, ದಕ್ಷಿಣ ಆಫ್ರಿಕಾ 21. ನಾಯಕ ಸೆರೆವಿ. ಎಂಟು ವರ್ಷಗಳ ಬಳಿಕ, 2005ರಲ್ಲಿ, ವಿಶ್ವಕಪ್ ಮತ್ತೆ ಹಾಂಗ್‌ಕಾಂಗಿನಲ್ಲೇ. 36 ವರ್ಷದ ಸೆರೆವಿ ಮತ್ತೆ ಕಣದಲ್ಲಿ. ನ್ಯೂಜಿಲೆಂಡನ್ನು 29-19ರಿಂದ ಸೋಲಿಸಿ ಎರಡನೆಯ ಕಪ್.

ಈ ನಡುವೆ 1999ರಲ್ಲಿ ಇನ್ನೊಂದು ವ್ಯವಸ್ಥೆ ಬಂದಿತ್ತು. ವರ್ಷವಿಡೀ ಬೇರೆ ಬೇರೆ ನಗರಗಳಲ್ಲಿ ಟೂರ್ನಿ, ಎಲ್ಲದರ ಅಂಕ ಕೂಡಿಸಿ ವಿಶ್ವ ಸರಣಿಯ ಚಾಂಪಿಯನ್. ಒಂದು ವಾರಾಂತ್ಯದಲ್ಲಿ ಮಿಂಚುವುದು ಬೇರೆ, ತಿಂಗಳುಗಟ್ಟಲೆ ಸೋಲದಿರುವುದು ಬೇರೆ. ಇದಕ್ಕೆ ಬೇಕಾದದ್ದು ಶಿಸ್ತಿನ ತರಬೇತಿ, ಆಹಾರ, ವೈದ್ಯರು, ವಿಮಾನದ ಟಿಕೆಟ್. ಕೋಚ್ ಗಾರ್ಡನ್ ಟೀಟ್ಜೆನ್ಸ್ ಕೈಕೆಳಗೆ ನ್ಯೂಜಿಲೆಂಡ್ ಮೊದಲ ಆರೂ ಪಟ್ಟಗಳನ್ನು ಒಯ್ದಿತು. 2005-06ರಲ್ಲಿ ಆ ಸರಪಳಿ ಕಡಿದವರು, ಆಟಗಾರರೂ ಕೋಚೂ ಎರಡೂ ಆಗಿದ್ದ ಸೆರೆವಿ.

ಸೆವೆನ್ಸ್‌ನಲ್ಲೇ ಏಕೆ, ಹದಿನೈದರಲ್ಲಿ ಏಕಿಲ್ಲ?

ಹದಿನೈದರ ಆಟದಲ್ಲಿ ಫಿಜಿ ದುರ್ಬಲವೇನಲ್ಲ. ವಿಶ್ವಕಪ್ಪಿನ ಕ್ವಾರ್ಟರ್‌ಫೈನಲ್‌ಗೆ ಮೂರು ಸಲ ತಲುಪಿದೆ: 1987, 2007, 2023. ಆದರೆ ಅದಕ್ಕಿಂತ ಮುಂದೆ ಹೋಗಿಲ್ಲ.

ಹದಿನೈದರ ತಂಡದಲ್ಲಿ ಎಂಟು ಮಂದಿಯ ಕೆಲಸ ಮುಖ್ಯವಾಗಿ ನೂಕುವುದು, ಎತ್ತುವುದು, ಕಾದಾಡಿ ಚೆಂಡು ಕಿತ್ತುಕೊಡುವುದು. ಎಂಟು ಜನ ತಲೆತಗ್ಗಿಸಿ ಎದುರಿನ ಎಂಟು ಜನರೊಂದಿಗೆ ನೂಕುವ ‘ಸ್ಕ್ರಮ್’ ಒಂದು ಕಸುಬು. ಅದನ್ನು ಕಲಿಸಲು ಯಂತ್ರ ಬೇಕು, ಅದಕ್ಕೇ ಮೀಸಲಾದ ಕೋಚ್ ಬೇಕು, ವರ್ಷಗಟ್ಟಲೆ ಒಟ್ಟಿಗೆ ಅಭ್ಯಾಸ ಮಾಡಬೇಕು. ಸೆವೆನ್ಸ್‌ನ ಸ್ಕ್ರಮ್‌ನಲ್ಲಿ ಮೂವರೇ. ಅದು ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ಯಾವ ಕೆಲಸಕ್ಕೆ ದುಡ್ಡು ಬೇಕೋ ಅದನ್ನು ಈ ಆಟ ಕಡಿಮೆ ಮಾಡಿತು, ಹಳ್ಳಿಯ ಬಯಲಲ್ಲಿ ಪುಕ್ಕಟೆ ಸಿಗುವುದನ್ನು ಹೆಚ್ಚು ಮಾಡಿತು. ನನಗೆ ಕಾಣುವಂತೆ ಫಿಜಿಯ ಇಡೀ ಇತಿಹಾಸದ ಬೀಗದಕೈ ಇರುವುದು ಇಲ್ಲಿ. ‘ಹುಟ್ಟು ಪ್ರತಿಭೆ’ ಎಂಬ ಮಾತಿನಿಂದ ಅದು ತೆರೆಯುವುದಿಲ್ಲ.

ಇನ್ನೊಂದು ಕಾರಣ ಸಂಬಳ. ಫ್ರಾನ್ಸ್, ಇಂಗ್ಲೆಂಡ್ ಕ್ಲಬ್ಬುಗಳು ಹದಿನೈದರ ಆಟಗಾರರಿಗೆ ಕೊಡುವ ಹಣ ಫಿಜಿಯಲ್ಲಿ ಯಾರೂ ಕೊಡಲಾರರು. ಸೆವೆನ್ಸ್‌ನಲ್ಲಿ ಮಿಂಚಿದ ಹುಡುಗ ಮರುವರ್ಷ ಯುರೋಪಿನಲ್ಲಿರುತ್ತಾನೆ. ಅವನು ಕಳಿಸುವ ದುಡ್ಡಿನಿಂದ ಊರಿನಲ್ಲಿ ಮನೆ ಏಳುತ್ತದೆ, ತಂಡಕ್ಕೆ ಮಾತ್ರ ಮತ್ತೊಬ್ಬನನ್ನು ಹುಡುಕುವ ಕೆಲಸ. ಹೊಸಬ ಸಿಗುತ್ತಲೇ ಇರುವುದು ಈ ತಂಡದ ಅದೃಷ್ಟ. ಕೈಗೆ ಬಂದವನು ನಿಲ್ಲದಿರುವುದು ಅದರ ದುರದೃಷ್ಟ.

ದೆಹಲಿಗೆ ಬಾರದವರು

2010ರಲ್ಲಿ ದೆಹಲಿಯಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಯಿತು. ಅಲ್ಲಿ ಸೆವೆನ್ಸ್ ಇತ್ತು, ಫಿಜಿ ಇರಲಿಲ್ಲ. 2006ರಲ್ಲಿ ಸೇನೆ ಅಧಿಕಾರ ಹಿಡಿದಿತ್ತು. ಚುನಾವಣೆ ನಡೆಸಲಿಲ್ಲವೆಂದು 2009ರಲ್ಲಿ ಕಾಮನ್‌ವೆಲ್ತ್ ಆ ದೇಶವನ್ನು ಅಮಾನತಿನಲ್ಲಿಟ್ಟಿತ್ತು. ಭಾರತದ ನೆಲದಲ್ಲಿ ಈ ತಂಡವನ್ನು ನೋಡುವ ಅವಕಾಶ ಹೀಗೆ ತಪ್ಪಿತು. ಕಾಮನ್‌ವೆಲ್ತ್ ಚಿನ್ನಕ್ಕೂ ಫಿಜಿಗೂ ಮೊದಲಿನಿಂದಲೂ ಕೂಡಿಬಂದಿಲ್ಲ: 1998, 2002, 2018, 2022ರಲ್ಲಿ ಬೆಳ್ಳಿ, 2006ರಲ್ಲಿ ಕಂಚು.

ಆದರೆ ಅಮಾನತಿನ ಅದೇ 2009ರಲ್ಲಿ ಕೋಪನ್‌ಹೇಗನ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2016ರಿಂದ ರಗ್ಬಿ ಸೆವೆನ್ಸ್ ಸೇರಿಸಲು ಒಪ್ಪಿತು. ಒಲಿಂಪಿಕ್ಸ್‌ನಲ್ಲಿ ಅದುವರೆಗೆ ಒಂದೂ ಪದಕ ಕಾಣದ ದೇಶಕ್ಕೆ ತನ್ನ ಮನೆಯಂಗಳದ ಆಟವೇ ಒಲಿಂಪಿಕ್ಸ್‌ಗೆ ನಡೆದುಬಂದಿತು.

ಮರಳ ದಿಬ್ಬದಿಂದ ರಿಯೊಗೆ

2013ರಲ್ಲಿ ಇಂಗ್ಲೆಂಡಿನವರಾದ ಬೆನ್ ರಯಾನ್ ಫಿಜಿಯ ಕೋಚ್ ಆಗಿ ಬಂದಿಳಿದರು. ಒಕ್ಕೂಟದ ಬೊಕ್ಕಸ ಬರಿದಾಗಿತ್ತು. ಮೊದಲ ಕೆಲವು ತಿಂಗಳು ಅವರಿಗೆ ಸಂಬಳವೇ ಬರಲಿಲ್ಲ. ಆಟಗಾರರಲ್ಲಿ ಕೌಶಲಕ್ಕೆ ಬರವಿರಲಿಲ್ಲ, ದಮ್ಮು ಸಾಲುತ್ತಿರಲಿಲ್ಲ. ಸೆವೆನ್ಸ್ ಪಂದ್ಯ ಹದಿನಾಲ್ಕೇ ನಿಮಿಷವಾದರೂ ದಿನಕ್ಕೆ ಎರಡು ಮೂರು ಪಂದ್ಯ ಬರುತ್ತವೆ, ಮರುದಿನ ಮತ್ತೆ ಅಷ್ಟೇ. ಫೈನಲ್ ಗೆಲ್ಲುವುದು ಕೊನೆಯ ಪಂದ್ಯದ ಕೊನೆಯ ಎರಡು ನಿಮಿಷ ಓಡಬಲ್ಲವರು.

ರಯಾನ್ ಆಟಗಾರರ ತಟ್ಟೆಯಿಂದ ಸಕ್ಕರೆ, ಬ್ರೆಡ್ ತೆಗೆಸಿದರು. ಅವರನ್ನು ಸಿಂಗಟೋಕಾ ಎಂಬಲ್ಲಿನ ಕಡಲ ದಡದ ಮರಳ ದಿಬ್ಬಗಳಿಗೆ ಒಯ್ದರು. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರುವ ಮರಳಿನಲ್ಲಿ ಮತ್ತೆ ಮತ್ತೆ ಮೇಲಕ್ಕೆ ಓಟ. ಯಂತ್ರಗಳ ಜಿಮ್ಮಿಗೆ ದುಡ್ಡಿಲ್ಲದ ದೇಶದಲ್ಲಿ ನಿಸರ್ಗವೇ ಬಾಡಿಗೆಯಿಲ್ಲದೆ ಕೊಟ್ಟ ಜಿಮ್ ಅದು. ತಂಡದ ಸ್ವಭಾವವನ್ನು ಅವರು ಮುಟ್ಟಲಿಲ್ಲ. ಬೆನ್ನ ಹಿಂದಿನ ಎಸೆತ ಹಾಗೆಯೇ ಉಳಿಯಿತು. 2014-15, 2015-16 ಎರಡೂ ವರ್ಷ ವಿಶ್ವ ಸರಣಿ ಫಿಜಿಯ ಕೈಗೆ ಬಂತು.

2016ರ ಫೆಬ್ರುವರಿ 20ರಂದು ವಿನ್‌ಸ್ಟನ್ ಚಂಡಮಾರುತ ಅಪ್ಪಳಿಸಿತು. 44 ಜನ ಸತ್ತರು, ಹಳ್ಳಿಗೆ ಹಳ್ಳಿಯೇ ನೆಲಸಮವಾಯಿತು. ಆರು ತಿಂಗಳೂ ಕಳೆದಿರಲಿಲ್ಲ, ತಂಡ ರಿಯೊ ಒಲಿಂಪಿಕ್ಸ್‌ನಲ್ಲಿತ್ತು. ಲೀಗ್ ಹಂತದಲ್ಲಿ ಬ್ರೆಜಿಲ್, ಅರ್ಜೆಂಟೀನಾ, ಅಮೆರಿಕ. ಕ್ವಾರ್ಟರ್‌ಫೈನಲ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 12-7, ಕೂದಲೆಳೆಯ ಗೆಲುವು. ಸೆಮಿಫೈನಲ್‌ನಲ್ಲಿ ಜಪಾನ್ ವಿರುದ್ಧ 20-5. ಆಗಸ್ಟ್ 11ರ ಗುರುವಾರ ಸಂಜೆ ಫೈನಲ್, ಎದುರಾಳಿ ಗ್ರೇಟ್ ಬ್ರಿಟನ್. ಒಂದು ಕಾಲಕ್ಕೆ ಆಳಿದವರು, ಆಟ ಕಲಿಸಿದವರು. ಫಿಜಿಯಲ್ಲಿ ಆಗ ಶುಕ್ರವಾರ ಬೆಳಗು, ಕೆಲಸದ ಹೊತ್ತು. ಆದರೆ ಕೆಲಸ ಮಾಡುವವರು ಯಾರು?

ಮೊದಲ ಟ್ರೈ ನಾಯಕ ಕೊಲಿನಿಸಾವು ಅವರದು. ಅರ್ಧ ಆಟದ ಹೊತ್ತಿಗೆ 29-0. ಮುಗಿದಾಗ 43-7. ಒಲಿಂಪಿಕ್ ಫೈನಲ್ ಎಂದರೆ ಉಗುರು ಕಚ್ಚಿಸಬೇಕು ಎನ್ನುವವರಿಗೆ ಇದರಲ್ಲಿ ರುಚಿ ಇಲ್ಲ. ಹಬ್ಬದೂಟದ ಹಸಿವಿದ್ದವರಿಗೆ ಉಂಟು.

ಪದಕ ಪ್ರದಾನದ ದೃಶ್ಯ ನನಗೆ ಪಂದ್ಯಕ್ಕಿಂತ ಹೆಚ್ಚಾಗಿ ಕಣ್ಣಲ್ಲಿ ನಿಂತಿದೆ. ಪದಕ ಹಾಕಲು ಬಂದವರು ಬ್ರಿಟನ್ನಿನ ರಾಜಕುಮಾರಿ ಆ್ಯನ್. ಆಟಗಾರರು ಒಬ್ಬೊಬ್ಬರಾಗಿ ಅವರ ಮುಂದೆ ಮೊಣಕಾಲೂರಿದರು, ಪದಕ ಕೊರಳಿಗೆ ಬಿದ್ದ ಮೇಲೆ ಬೊಗಸೆಯಂತೆ ಬಾಗಿಸಿದ ಅಂಗೈಗಳಿಂದ ಚಪ್ಪಾಳೆ ತಟ್ಟಿದರು. ಆ ದಪ್ಪ ಸದ್ದಿನ ಚಪ್ಪಾಳೆಗೆ ‘ದೊಂಬೊ’ ಎಂದು ಹೆಸರು. ಹಿರಿಯರಿಂದ ಏನನ್ನಾದರೂ ಪಡೆದಾಗ ಫಿಜಿಯಲ್ಲಿ ಹೀಗೆಯೇ ಮಾಡುತ್ತಾರೆ. ಹಳೆಯ ದಣಿಗಳಿಗೆ ಬಾಗಿದರೆಂದು ಯಾರಾದರೂ ಓದಿಕೊಂಡರೆ ಅದು ಅವರ ಓದು. ಹಳ್ಳಿಯ ಬಯಲಿನ ಮರ್ಯಾದೆ ಹುಡುಗರ ಜೊತೆಯಲ್ಲೇ ರಿಯೊವರೆಗೆ ಬಂದಿತ್ತು, ಅಷ್ಟೆ.

ದೇಶದ ಮೊಟ್ಟಮೊದಲ ಒಲಿಂಪಿಕ್ ಪದಕ, ಅದೂ ಚಿನ್ನ. ಸರ್ಕಾರ ಸಾರ್ವತ್ರಿಕ ರಜೆ ಘೋಷಿಸಿತು. ಫುಟ್‌ಬಾಲಿನ ಗಿರ್ಮಿಟ್ ಮಕ್ಕಳೂ ರಗ್ಬಿಯ ಇತೌಕೆಯಿ ಮಕ್ಕಳೂ ಒಂದೇ ತಿಳಿನೀಲಿ ಬಾವುಟ ಹಿಡಿದು ಬೀದಿಗಿಳಿದರು. ರಯಾನ್ ಅವರಿಗೆ ಒಂದು ಹಳ್ಳಿ ಮುಖಂಡನ ಬಿರುದನ್ನೂ ಮೂರು ಎಕರೆ ಜಮೀನನ್ನೂ ಕೊಟ್ಟಿತು. ಮರುವರ್ಷ ಬಂತು ಆ ಏಳು ಡಾಲರಿನ ನೋಟು.

ಮೀನಿನ ವಿಮಾನ

ಟೋಕಿಯೊ ಒಲಿಂಪಿಕ್ಸ್ ಕೋವಿಡ್‌ನಿಂದಾಗಿ 2021ಕ್ಕೆ ಸರಿಯಿತು. ಆಗ ಕೋಚ್ ವೇಲ್ಸ್‌ನ ಗ್ಯಾರೆತ್ ಬೇಬರ್. 2018-19ರ ವಿಶ್ವ ಸರಣಿಯನ್ನು ಗೆಲ್ಲಿಸಿಕೊಟ್ಟಿದ್ದವರು. ನಾಯಕ ಜೆರಿ ತುವಾಯ್, ರಿಯೊ ತಂಡದಿಂದ ಉಳಿದ ಒಬ್ಬರೇ. ಅವರು ಬೆಳೆದದ್ದು ರಾಜಧಾನಿ ಸುವಾದ ಹತ್ತಿರದ ಬಡವರ ಬಡಾವಣೆಯಲ್ಲಿ, ಬರಿಗಾಲಿನಲ್ಲಿ, ಬಾಟಲಿಯನ್ನೇ ಚೆಂಡು ಮಾಡಿಕೊಂಡು.

ಸೋಂಕು ಹಬ್ಬಿದ್ದರಿಂದ ಆಟಗಾರರು ತಿಂಗಳುಗಟ್ಟಲೆ ಶಿಬಿರ ಬಿಟ್ಟು ಮನೆಗೆ ಹೋಗಲಿಲ್ಲ. ಪ್ರಯಾಣಿಕರ ವಿಮಾನಗಳೂ ನಿಂತಿದ್ದವು. ಕೊನೆಗೆ ಹೆಪ್ಪುಗಟ್ಟಿಸಿದ ಮೀನು ಸಾಗಿಸುವ ಸರಕು ವಿಮಾನದಲ್ಲಿ ತಂಡ ಜಪಾನಿಗೆ ಹಾರಿತು. ಜುಲೈ 28ರ ಫೈನಲ್‌ನಲ್ಲಿ ನ್ಯೂಜಿಲೆಂಡನ್ನು 27-12ರಿಂದ ಸೋಲಿಸಿ ಎರಡನೆಯ ಚಿನ್ನ. ಎರಡು ಸೆವೆನ್ಸ್ ಚಿನ್ನ ಗೆದ್ದ ಮೊದಲ ಪುರುಷ ಆಟಗಾರ ತುವಾಯ್. ಅದೇ ಕೂಟದಲ್ಲಿ ಫಿಜಿಯ ಮಹಿಳಾ ತಂಡವೂ ಕಂಚು ಗೆದ್ದಿತು. ಹೆಣ್ಣುಮಕ್ಕಳಿಗೆ ಆ ಬಯಲಿನಲ್ಲಿ ಜಾಗ ಸುಲಭವಾಗಿ ಸಿಕ್ಕಿದ್ದಲ್ಲ. ಅದನ್ನು ಬೇರೆಯೇ ಬರೆಯಬೇಕು.

2022ರಲ್ಲಿ ಕೇಪ್‌ಟೌನ್‌ನಲ್ಲಿ ಬೆನ್ ಗೋಲಿಂಗ್ಸ್ ಕೋಚ್ ಆಗಿದ್ದಾಗ ಮೂರನೆಯ ವಿಶ್ವಕಪ್ ಬಂತು, ನ್ಯೂಜಿಲೆಂಡ್ ವಿರುದ್ಧ 29-12.

ಪ್ಯಾರಿಸ್‌ನಲ್ಲಿ ಹದಿನೆಂಟನೆಯ ಪಂದ್ಯ

ಚಿನ್ನ ಸಿಗುವ ಆಟಕ್ಕೆ ದುಡ್ಡು ತಾನಾಗಿ ಹುಡುಕಿಕೊಂಡು ಬರುತ್ತದೆ. ಸೆವೆನ್ಸ್ ಒಲಿಂಪಿಕ್ಸ್ ಸೇರಿದ ಮೇಲೆ ದೊಡ್ಡ ದೇಶಗಳು ಇದಕ್ಕೇ ಸಂಬಳದ ಆಟಗಾರರನ್ನು ಇಟ್ಟುಕೊಂಡವು. 2024ರ ಪ್ಯಾರಿಸ್ ಕೂಟಕ್ಕಾಗಿ ಫ್ರಾನ್ಸ್, ಹದಿನೈದರ ಆಟದಲ್ಲಿ ಲೋಕದ ಅತ್ಯುತ್ತಮರೆಂದು ಹೆಸರಾದ ಆಂತ್ವಾನ್ ಡುಪಾಂ ಅವರನ್ನೇ ಇತ್ತ ಕರೆತಂದಿತು. ಅದಕ್ಕಾಗಿ ಅವರು ಯುರೋಪಿನ ಪ್ರತಿಷ್ಠಿತ ಸಿಕ್ಸ್ ನೇಷನ್ಸ್ ಟೂರ್ನಿಯನ್ನೇ ಬಿಟ್ಟುಬಂದರು. ಹಿಂದೆ ಫಿಜಿಯ ಹುಡುಗರು ಸೆವೆನ್ಸ್‌ನಿಂದ ಹದಿನೈದಕ್ಕೆ ಹೋಗುತ್ತಿದ್ದರು. ಈಗ ಗಾಳಿ ಒಂದಿಷ್ಟು ತಿರುಗಿತ್ತು.

ಫಿಜಿಯ ಕೋಚ್ ಸ್ಥಾನದಲ್ಲಿ ಆಗ ಕೊಲಿನಿಸಾವು, ನೋಟಿನ ಮೇಲಿದ್ದವರೇ. ಲೀಗ್ ಹಂತದಲ್ಲಿ ಫಿಜಿ ಫ್ರಾನ್ಸನ್ನು 19-12ರಿಂದ ಸೋಲಿಸಿತು. ಸೆಮಿಫೈನಲ್ ಮುಗಿದಾಗ ರಿಯೊದಲ್ಲಿ ಆರು, ಟೋಕಿಯೊದಲ್ಲಿ ಆರು, ಇಲ್ಲಿ ಐದು, ಒಟ್ಟು 17 ಒಲಿಂಪಿಕ್ ಪಂದ್ಯಗಳು. ಸೋಲು ಒಂದೂ ಇಲ್ಲ. ಜುಲೈ 27ರ ಫೈನಲ್‌ಗೆ ಮತ್ತೆ ಫ್ರಾನ್ಸ್. ಅರ್ಧ ಆಟಕ್ಕೆ 7-7. ಎರಡನೆಯ ಅವಧಿಗೆ ಡುಪಾಂ ಇಳಿದರು. ಗೆರೆಯಂಚಿನಲ್ಲಿ ನುಗ್ಗಿ ಜೊತೆಗಾರನಿಗೆ ಟ್ರೈ ಮಾಡಿಸಿದರು, ಆಮೇಲೆ ತಾವೇ ಎರಡು ಬಾರಿಸಿದರು. 28-7.

ಹದಿನೆಂಟನೆಯ ಪಂದ್ಯದಲ್ಲಿ ಮೊದಲ ಸೋಲು. ಖಾಲಿ ಜಾಗವನ್ನು ಮೊದಲು ಕಾಣುವ ಕಣ್ಣು ಆ ಸಂಜೆ ಫ್ರಾನ್ಸಿನ ಕಡೆಗಿತ್ತು. ಎಂಟು ವರ್ಷಗಳ ಹಿಂದೆ ರಿಯೊದಲ್ಲಿ ಮೊದಲ ಟ್ರೈ ಬಾರಿಸಿದ್ದ ಕೊಲಿನಿಸಾವು ಈ ಸಲ ಗೆರೆಯ ಆಚೆ ನಿಂತಿದ್ದರು. ಅವರ ಹುಡುಗರ ಕೊರಳಿಗೆ ಬೆಳ್ಳಿ ಬಿತ್ತು.